ದೃಷ್ಟಿಬೊಟ್ಟು

ಕೂಸಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಹೊಗೆ ಕೊಟ್ಟು ತೊಟ್ಟಿಲಲ್ಲಿ ಮಲಗಿಸುವ ಮೊದಲು ನಮ್ಮ ಕಡೆಯ ಹಿರಿಯ ಹೆಂಗಸರು ಒಂದು ಕೆಲಸವನ್ನು ಮರೆಯುವುದಿಲ್ಲ. ಕಾಡಿಗೆಯಲ್ಲಿ ಬೆರಳು ಅದ್ದಿ ಕೂಸಿನ ಕೆನ್ನೆಯ ಮೇಲೆ ಒಂದು ಕರಿಯ ಬೊಟ್ಟು ಇಡುತ್ತಾರೆ. ಅದು ಅಲಂಕಾರಕ್ಕಾಗಿ ಇಟ್ಟ ಬೊಟ್ಟಲ್ಲ. ಕೂಸು ತೀರ ಚೆಲುವಾಗಿ ಕಂಡರೆ ಯಾರದಾದರೂ ಕಣ್ಣು ತಾಕೀತೆಂಬ ಅಂಜಿಕೆ. ಹೊಸದಾಗಿ ಕಟ್ಟಿದ ಮನೆಯ ಮುಂದೆ ಬೂದುಗುಂಬಳವನ್ನು ತೂಗಹಾಕುವುದೂ, ಫಸಲು ಚೆನ್ನಾಗಿ ಬಂದ ಹೊಲದಲ್ಲಿ ಸುಣ್ಣದ ಚುಕ್ಕೆ ಇಟ್ಟ ಮಡಕೆಯನ್ನು ಕಂಬದ ಮೇಲೆ ಕವುಚಿ ಹಾಕುವುದೂ ಇದೇ ಅಂಜಿಕೆಯಿಂದಲೇ.

ಇದನ್ನು ಮೂಢನಂಬಿಕೆ ಎಂದು ಕಲಿತವರು ನಗುತ್ತಾರೆ. ನಗಲಿ. ಕಣ್ಣು ತಾಕುತ್ತದೆಯೋ ಇಲ್ಲವೋ ಎಂಬುದು ನನ್ನ ಇಂದಿನ ವಿಷಯವಲ್ಲ. ಆದರೆ ಆ ಕರಿಯ ಬೊಟ್ಟಿನ ಹಿಂದೆ ಒಂದು ವಿಚಾರವಿದೆ. ಯಾವ ಕುಂದೂ ಇಲ್ಲದಂತೆ ಪೂರ್ಣವಾದದ್ದು ಈ ಭೂಮಿಯ ಮೇಲೆ ಬಹಳ ಹೊತ್ತು ನಿಲ್ಲಲಾರದು, ಆದುದರಿಂದ ಅದರೊಳಗೆ ಒಂದು ಕುಂದನ್ನು ನಾವೇ ಕೈಯಾರೆ ಇಟ್ಟು ಅದನ್ನು ಉಳಿಸಿಕೊಳ್ಳೋಣ ಎಂಬುದೇ ಆ ವಿಚಾರ. ಜಗತ್ತಿನ ಒಳ್ಳೆಯ ಕತೆಗಾರರು ಇದೇ ವಿಚಾರವನ್ನು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಅಂತಹ ಮೂರು ಕತೆಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಂದು ಅಮೇರಿಕದ್ದು, ಒಂದು ಕೃಷ್ಣೆ ಘಟಪ್ರಭೆಗಳ ದಂಡೆಯ ಜನರ ಬಾಯಲ್ಲಿರುವುದು, ಇನ್ನೊಂದು ಸಾವಿರ ವರ್ಷದ ಹಿಂದಿನ ಕನ್ನಡದ್ದು.

ಮೊದಲು ಅಮೇರಿಕದ ಕತೆ. ನಥಾನಿಯಲ್ ಹಾಥಾರ್ನ್ ಎಂಬ ಕತೆಗಾರನು 1843ರಲ್ಲಿ ಇದನ್ನು ಪ್ರಕಟಿಸಿದನು. ಕತೆಯ ಹೆಸರನ್ನು ನಾವು 'ಹುಟ್ಟುಮಚ್ಚೆ' ಎಂದು ಕರೆಯಬಹುದು. ಏಲ್ಮರ್ ಎಂಬುವನೊಬ್ಬ ದೊಡ್ಡ ವಿಜ್ಞಾನಿ. ಭೂಮಿಯ ಒಡಲಿನ ಬೆಂಕಿ, ಬುಗ್ಗೆಗಳ ನೀರು, ಮನುಷ್ಯ ದೇಹದ ರಚನೆ ಇವೆಲ್ಲವನ್ನೂ ಶೋಧಿಸಿದವನು. ಅವನು ಜಾರ್ಜಿಯಾನಾ ಎಂಬ ಬಹು ಚೆಲುವೆಯಾದ ಹೆಣ್ಣನ್ನು ಮದುವೆಯಾಗುತ್ತಾನೆ. ಅವಳ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಬಂದ ಒಂದು ಕೆಂಪು ಮಚ್ಚೆ. ಅದರ ಆಕಾರ ಪುಟ್ಟದೊಂದು ಅಂಗೈಯಂತೆ. ಅವಳು ನಾಚಿ ಕೆಂಪಾದಾಗ ಮಚ್ಚೆಯು ಆ ಕೆಂಪಿನಲ್ಲಿ ಕರಗಿ ಕಾಣದಾಗುವುದು. ಅಂಜಿ ಬಿಳಿಚಿಕೊಂಡಾಗ ಹಿಮದ ಮೇಲಿನ ಕಲೆಯಂತೆ ಎದ್ದು ಕಾಣುವುದು. ಮೊದಲು ಅವಳನ್ನು ಬಯಸಿದ್ದ ತರುಣರು ಅದನ್ನು ದೇವಕನ್ನೆಯು ಕೂಸಿನ ಕೆನ್ನೆ ಮುಟ್ಟಿ ಬಿಟ್ಟುಹೋದ ಗುರುತೆಂದು ಹೊಗಳುತ್ತಿದ್ದರಂತೆ. ಹೊಟ್ಟೆಕಿಚ್ಚಿನ ಹೆಂಗಸರು ಕೆಲವರು ಅದರಿಂದಲೇ ಅವಳ ಚೆಲುವು ಕೆಟ್ಟಿತೆಂದು ಹೇಳುತ್ತಿದ್ದುದೂ ಉಂಟು.

ಮದುವೆಯಾದ ಕೆಲವೇ ದಿನಗಳಲ್ಲಿ ಏಲ್ಮರನ ಕಣ್ಣಿಗೆ ಆ ಮಚ್ಚೆಯೊಂದೇ ಕಾಣತೊಡಗಿತು. ಹೆಂಡತಿ ಇಷ್ಟು ಪೂರ್ಣಳಾಗಿರುವಾಗ ಈ ಒಂದು ಕೊರತೆ ಏಕಿರಬೇಕೆಂಬ ಕೊರಗು. ಮುಂಜಾನೆ ಎದ್ದರೆ ಅದೇ, ರಾತ್ರಿ ಒಲೆಯ ಬೆಳಕಿನಲ್ಲಿ ಎದುರಾಬದುರು ಕುಳಿತರೆ ಅದೇ. ಅವನ ನೋಟದ ಕೆಳಗೆ ಅವಳು ನಡುಗತೊಡಗಿದಳು. ಅಲ್ಲಿಯವರೆಗೆ ತನ್ನ ಸೊಬಗಿನ ಭಾಗವೆಂದು ತಿಳಿದಿದ್ದ ಮಚ್ಚೆಯನ್ನು ಅವಳು ಗಂಡನಿಗಿಂತಲೂ ಹೆಚ್ಚಾಗಿ ದ್ವೇಷಿಸತೊಡಗಿದಳು. ಕೊನೆಗೆ ತಾನೇ ಅದನ್ನು ತೆಗೆಯಬೇಕೆಂದು ಬೇಡಿಕೊಂಡಳು. ಏಲ್ಮರನು ಅವಳನ್ನು ತನ್ನ ಪ್ರಯೋಗಶಾಲೆಗೆ ಕರೆದೊಯ್ದನು. ಅಲ್ಲಿ ಅವನು ಅವಳ ಮನಸ್ಸು ಹಗುರಮಾಡಲು ಕ್ಷಣದಲ್ಲಿ ಬೆಳೆಯುವ ಒಂದು ಗಿಡವನ್ನು ತೋರಿಸುತ್ತಾನೆ. ಅವಳು ಹೂವನ್ನು ಮುಟ್ಟಿದೊಡನೆಯೇ ಗಿಡ ಸುಟ್ಟಂತೆ ಕಪ್ಪಾಗುತ್ತದೆ. ಅವನ ದಿನಚರಿಯ ಪುಸ್ತಕವನ್ನು ಅವಳು ಓದುತ್ತಾಳೆ; ಅವನು ಗೆದ್ದನೆಂದು ಲೋಕ ಹೊಗಳಿದ ಕೆಲಸಗಳೂ ಅವನು ಬಯಸಿದ್ದಕ್ಕೆ ಹೋಲಿಸಿದರೆ ಸೋಲುಗಳೇ ಎಂದು ಅವಳಿಗೆ ತಿಳಿಯುತ್ತದೆ. ಆದರೂ ಅವನು ಕೊಟ್ಟ ಔಷಧವನ್ನು ಕುಡಿಯುತ್ತಾಳೆ. ಮಚ್ಚೆ ಮೆಲ್ಲಮೆಲ್ಲನೆ ಮಾಸಿಹೋಗುತ್ತದೆ. ಅದರ ಕೊನೆಯ ಬಣ್ಣ ಆರಿದ ಕ್ಷಣದಲ್ಲಿಯೇ ಅವಳ ಉಸಿರೂ ಆರುತ್ತದೆ. ಪುಟ್ಟ ಕೈಯೊಂದು ಅವಳ ಪ್ರಾಣವನ್ನು ದೇಹಕ್ಕೆ ಹಿಡಿದುಕೊಂಡಿತ್ತು; ಆ ಹಿಡಿತವನ್ನೇ ಅವನು ಬಿಡಿಸಿದ್ದನು.

ಈ ಕತೆಯಲ್ಲಿ ಅಮಿನಾಡಾಬ್ ಎಂಬ ಆಳೊಬ್ಬನಿದ್ದಾನೆ. ಕುಲುಮೆಯ ಮುಂದೆ ಮಸಿ ಹಿಡಿದು ನಿಲ್ಲುವ ಒರಟ, ಶಾಸ್ತ್ರ ಬಾರದವನು. ಅವಳು ತನ್ನ ಹೆಂಡತಿಯಾಗಿದ್ದರೆ ತಾನು ಆ ಮಚ್ಚೆಯನ್ನು ಎಂದಿಗೂ ಕಳೆದುಕೊಳ್ಳುತ್ತಿರಲಿಲ್ಲವೆಂದು ಅವನು ತನ್ನಷ್ಟಕ್ಕೆ ಗೊಣಗುತ್ತಾನೆ. ನಮ್ಮ ಹಳ್ಳಿಯ ಮುದುಕಿ ಆ ಪ್ರಯೋಗಶಾಲೆಯ ಬಾಗಿಲಿಗೆ ಹೋಗಿದ್ದರೆ ಅವಳೂ ಇದೇ ಮಾತು ಆಡುತ್ತಿದ್ದಳು ಎಂದು ನನಗೆ ಅನಿಸುತ್ತದೆ. ನಾವು ಇಲ್ಲದ ಬೊಟ್ಟನ್ನು ಇಡುವ ಜನ. ಏಲ್ಮರನು ಇದ್ದ ಬೊಟ್ಟನ್ನು ಅಳಿಸಲು ಹೊರಟವನು.

ಹೀಗೆಂದು ಹೇಳಿ ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳಲು ನನಗೆ ಧೈರ್ಯವಿಲ್ಲ. ಏಕೆಂದರೆ ಏಲ್ಮರನನ್ನು ನಾನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ.

ಜಮಖಂಡಿಯ ಸಮೀಪದ ನಮ್ಮ ಮನೆಯಲ್ಲಿ ನನ್ನ ಚಿಕ್ಕವ್ವನೊಬ್ಬಳಿದ್ದಳು. ಬಲಗೆನ್ನೆಯ ಮೇಲೆ, ಕಿವಿಯ ಹತ್ತಿರ, ಹುಣಸೆಬೀಜದಷ್ಟು ದೊಡ್ಡದಾದ ಒಂದು ಮಚ್ಚೆ. ಹುಡುಗಿಯಾಗಿದ್ದಾಗ ಅವಳಿಗೆ ಅದರ ನೆನಪೇ ಇರುತ್ತಿರಲಿಲ್ಲವಂತೆ. ಹೆಣ್ಣು ನೋಡಲು ಬರುವವರು ಬರತೊಡಗಿದ ಮೇಲೆ ಅದರ ನೆನಪು ಮನೆಯವರಿಗೆಲ್ಲ ಆಯಿತು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ಹುಡುಗಿ ಲಕ್ಷಣ ಅದಾಳ, ಖರೆ. ಆದರ ಕೆನ್ನಿ ಮ್ಯಾಲ ಅದೇನು?" ಎಂದು ಕೇಳಿ ಹೋಗುತ್ತಿದ್ದರು. ಮೂರು ಕಡೆಯವರು ಹೀಗೆ ಹೋದ ಮೇಲೆ ಯಾರೋ ಒಂದು ಉಪಾಯ ಹೇಳಿದರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜವನ್ನು ನೀವು ಬಲ್ಲಿರಿ. ಅದರ ಎಣ್ಣೆ ಚರ್ಮವನ್ನು ಸುಡುತ್ತದೆ. ಆ ಎಣ್ಣೆಯನ್ನು ಕಡ್ಡಿಯಿಂದ ಮಚ್ಚೆಗೆ ಮುಟ್ಟಿಸಿದರು. ಮುಟ್ಟಿಸಿದವಳು ನನ್ನ ಅಜ್ಜಿ. ಮನೆಯ ಪ್ರತಿಯೊಂದು ಕೂಸಿಗೂ ದೃಷ್ಟಿಬೊಟ್ಟು ಇಡುತ್ತಿದ್ದುದು ಅದೇ ಅಜ್ಜಿ, ಅದೇ ಕೈ.

ಮುಖ ಬಾತು, ಜ್ವರ ಬಂದು, ಹದಿನೈದು ದಿನ ಚಿಕ್ಕವ್ವ ಕತ್ತಲೆಯ ಕೋಣೆಯಲ್ಲಿ ಮಲಗಿದಳು. ಮಚ್ಚೆ ಹೋಯಿತು. ಅದರ ಜಾಗದಲ್ಲಿ ರೂಪಾಯಿಯಷ್ಟು ಅಗಲದ, ನುಣ್ಣನೆಯ, ಬೆಳ್ಳನೆಯ ಗಾಯದ ಕಲೆ ಉಳಿಯಿತು. ಮುಂದೆ ಬೀಳಗಿ ತಾಲೂಕಿನ ಒಂದು ಹಳ್ಳಿಯವರು ಕಲೆಯನ್ನು ನೋಡಿಯೂ ಅವಳನ್ನು ತಂದುಕೊಂಡರು. ಚಿಕ್ಕಪ್ಪನು ಆ ಕಲೆಯ ಮಾತನ್ನು ಒಮ್ಮೆಯೂ ಎತ್ತಿದ್ದು ನನಗೆ ಗೊತ್ತಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಆ ಹಳ್ಳಿ ಹೋದ ಮೇಲೆ ಅವರು ಪುನರ್ವಸತಿಯ ಮನೆಗೆ ಬಂದರು.

ಈ ಎರಡನ್ನೂ, ಹಾಥಾರ್ನನ ಕತೆಯನ್ನೂ ನಮ್ಮ ಚಿಕ್ಕವ್ವನ ಸಂಗತಿಯನ್ನೂ, ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಪ್ರಶ್ನೆ ಏಳುತ್ತದೆ. ಮಚ್ಚೆಯಿಂದ ನೋವಾದದ್ದು ಯಾರಿಗೆ? ಜಾರ್ಜಿಯಾನಾಳಿಗೆ ಅದು ಎಂದೂ ನೋಯಿಸಿರಲಿಲ್ಲ. ಚಿಕ್ಕವ್ವನಿಗೂ ಅಷ್ಟೆ. ನೋವು ನೋಡುವವರ ಕಣ್ಣಿನಲ್ಲಿತ್ತು. ಚಿಕಿತ್ಸೆ ಮಾತ್ರ ಮಚ್ಚೆ ಇದ್ದವಳ ಕೆನ್ನೆಗೆ ನಡೆಯಿತು.

ಹಾಗಾದರೆ ಪ್ರಕೃತಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಂಡು ಕೈಕಟ್ಟಿ ಕೂಡಬೇಕೆ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನಮ್ಮ ಹಿರಿಯರ ಮುಖಗಳನ್ನು ನೆನಪಿಸಿಕೊಳ್ಳಿರಿ. ಎಷ್ಟೊಂದು ಮುಖಗಳ ಮೇಲೆ ಸಿಡುಬಿನ ಕಲೆಗಳಿದ್ದವು! ಎಷ್ಟೋ ಜನರ ಕಣ್ಣನ್ನೇ ಅದು ಕಿತ್ತುಕೊಂಡಿತ್ತು. ಅದೂ ಪ್ರಕೃತಿಯದೇ ಕೊಡುಗೆ. ಮನುಷ್ಯನು ಅದರೊಡನೆ ಹೋರಾಡಿದನು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುಬಂದದ್ದು 1975ರಲ್ಲಿ. 1980ರಲ್ಲಿ ಲೋಕವೇ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಸೀಳುತುಟಿಯ ಕೂಸಿಗೆ ಇಂದು ಶಸ್ತ್ರಚಿಕಿತ್ಸೆ ಮಾಡಿ ಹಾಲು ಕುಡಿಯುವ, ಮಾತಾಡುವ ಬಾಯಿಯನ್ನು ಕೊಡುತ್ತಾರೆ. ಕೆನ್ನೆಯ ಕೆಂಪು ಮಚ್ಚೆಯನ್ನು ಲೇಸರ್ ಕಿರಣಗಳಿಂದ ತೆಳುವಾಗಿಸುವುದೂ ಈಗ ಸಾಧ್ಯವಿದೆ. ಮಚ್ಚೆ ಇದ್ದವರು ತಾವಾಗಿ ಬಯಸಿ ಹಾಗೆ ಮಾಡಿಸಿಕೊಂಡರೆ ಅದರಲ್ಲಿ ತಪ್ಪಿಲ್ಲ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಉದಾಹರಣೆಯನ್ನೂ ನೋಡಿರಿ. ಮಳೆಗಾಲದಲ್ಲಿ ತುಂಬಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಒಣಗಿಹೋಗುತ್ತಿದ್ದಳು. ದಂಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, 1989ರಲ್ಲಿ ನದಿಗೆ ಅಡ್ಡವಾಗಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಾಯಿತು. ಇದೂ ಪ್ರಕೃತಿಯ ವಿರುದ್ಧ ಮನುಷ್ಯನ ಹೋರಾಟವೇ. ಆದರೆ ಇಲ್ಲಿ ಬಾಯಾರಿದವರೂ ಅವರೇ, ಬೆವರು ಸುರಿಸಿದವರೂ ಅವರೇ. ನದಿ ತನ್ನ ಸ್ವಭಾವವನ್ನು ಬಿಟ್ಟಿತೆಂದೂ ಅವರು ತಿಳಿಯಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಕಡೆಗಳಲ್ಲಿ ಊರುಗಳಿಗೆ ನುಗ್ಗಿದ್ದನ್ನು ನಾವು ನೋಡಿದ್ದೇವೆ. ನದಿಯೊಡನೆ ಬದುಕುವವನು ಅದನ್ನು ತಿದ್ದುವಷ್ಟು ತಿದ್ದಿ, ಅಂಜುವಷ್ಟು ಅಂಜಿಯೇ ಬಾಳಬೇಕು.

ಆದುದರಿಂದ ಪ್ರಶ್ನೆ ಇರುವುದು ತಿದ್ದಬೇಕೋ ಬೇಡವೋ ಎಂಬಲ್ಲಿ ಅಲ್ಲ. ಯಾರ ನೋವಿಗಾಗಿ, ಯಾರ ಮೈಮೇಲೆ, ಯಾರನ್ನು ಕೇಳಿ ತಿದ್ದುತ್ತೇವೆ ಎಂಬಲ್ಲಿ ಇದೆ. ಕೇಳಿದರೆ ಉತ್ತರ ಹೇಳಲಾರದ ಜೀವಿಗಳ ಮಾತು ಬಂದಾಗ ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಇದಕ್ಕೆ ಮುಧೋಳದ ನಾಯಿಗಿಂತ ಒಳ್ಳೆಯ ದೃಷ್ಟಾಂತ ನನಗೆ ಕಾಣದು.

ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧವಾದುದು. ಉದ್ದನೆಯ ಮುಖ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಬಿಲ್ಲಿನಂತಹ ಕಾಲುಗಳು. ಇದು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲವನ್ನು ದೂರದಿಂದ ಕಂಡು ಅಟ್ಟಿ ಹಿಡಿಯುತ್ತದೆ. ಇದನ್ನು ಕಾಪಾಡಿ ಬೆಳೆಸಿದವರು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು. ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಮರಿಗಳನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಭಾರತೀಯ ಸೈನ್ಯವು ಮೊದಲ ಸಲ ಈ ನಾಯಿಗಳನ್ನು ತರಬೇತಿಗಾಗಿ ಮೀರತಿಗೆ ಒಯ್ದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನೆಗೆಂದೇ ಒಂದು ಕೇಂದ್ರವಿದೆ.

ಪ್ರಕೃತಿಯು ಕೊಟ್ಟ ನಾಯಿಯನ್ನು ಮನುಷ್ಯನು ಪೀಳಿಗೆಯಿಂದ ಪೀಳಿಗೆಗೆ ಆಯ್ದು ಆಯ್ದು ಒಂದು ಬಾಣವನ್ನಾಗಿ ಮಾಡಿದನು. ಆದರೆ ಬಾಣವಾಗಲು ಅದು ಬೆಲೆ ತೆತ್ತಿದೆ. ಓಟಕ್ಕಾಗಿ ಬೆಳೆದ ಇಂತಹ ನಾಯಿಗಳಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳುವು. ಚಳಿ ಬೇಗ ತಾಕುತ್ತದೆ. ಬಯಲಿನಲ್ಲಿ ಓಡಲು ಸಿಗದಿದ್ದರೆ ಕೊರಗುತ್ತವೆ. ಈ ಸೀಮೆಯ ಕುರಿಗಾರರೂ ರೈತರೂ ಇದನ್ನು ಬಲ್ಲವರು. ಅವರ ನಾಯಿ ಹೊಲದಲ್ಲಿ ಓಡುತ್ತದೆ, ಚೊಕ್ಕವಾಗಿರುತ್ತದೆ. ಹೆಸರಿನ ಹುಚ್ಚಿಗೆ ಕೊಂಡೊಯ್ದು ಪಟ್ಟಣದ ಮೂರನೆಯ ಮಹಡಿಯ ಕೋಣೆಯಲ್ಲಿ ಕಟ್ಟಿಹಾಕುವವರಿಗೆ ಕೊಂಡದ್ದು ಒಂದು ಆಕಾರ ಮಾತ್ರ. ಇನ್ನು ಶುದ್ಧ ತಳಿ ಬೇಕೆಂದು ತೀರ ಹತ್ತಿರದ ರಕ್ತವನ್ನೇ ಕೂಡಿಸುತ್ತ ಹೋದರೆ ಅಡಗಿದ್ದ ರೋಗಗಳು ಮರಿಗಳಲ್ಲಿ ಮೇಲೇಳುತ್ತವೆ. ಇದು ನಾಯಿ ಸಾಕುವವರೆಲ್ಲ ಕಲಿತ ಪಾಠ. ಹೊರಗಿನ ರೂಪ ಚೊಕ್ಕವಾದಷ್ಟೂ ಒಳಗಿನ ಬಲ ಕುಗ್ಗಬಹುದು.

ನಾಯಿಯ ಮಾತು ಹೀಗಾಯಿತು. ಮಗುವಿನ ಮಾತೇನು? 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ತಾನು ಭ್ರೂಣದ ಹಂತದಲ್ಲಿಯೇ ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಸಾರಿದನು. ಏಡ್ಸ್ ರೋಗದ ವೈರಾಣು ಅವರಿಗೆ ತಾಗದಿರಲೆಂದು ಹೀಗೆ ಮಾಡಿದೆನೆಂದು ಅವನ ವಾದ. ಜಗತ್ತಿನ ವಿಜ್ಞಾನಿಗಳೇ ಬೆಚ್ಚಿಬಿದ್ದು ಅದನ್ನು ಖಂಡಿಸಿದರು. ಮರುವರ್ಷ ಅವನಿಗೆ ಸೆರೆವಾಸದ ಶಿಕ್ಷೆಯಾಯಿತು. ಮನುಷ್ಯನು ಹುಟ್ಟುವ ಮುನ್ನವೇ ಅವನ ಮಚ್ಚೆಯನ್ನು ಅಳಿಸಬಲ್ಲ ಕೈ ಈಗ ಬಂದಿದೆ. ಹಾಥಾರ್ನನ ಕತೆ 1843ರದು ಎಂದು ನಾನು ಹೇಳಿದೆ. ಅದನ್ನು ಹಳೆಯ ಕತೆಯೆಂದು ಮಡಿಚಿಡಲು ಆಗದಿರುವುದು ಇದಕ್ಕಾಗಿಯೇ.

ಅಯ್ಯೋ, ಏಲ್ಮರನಿಗೆ ಪ್ರೀತಿ ಇರಲಿಲ್ಲ, ನಮಗೆ ನಮ್ಮ ಮಕ್ಕಳ ಮೇಲೆ ಪ್ರೀತಿಯಿದೆ, ಪ್ರೀತಿಯಿಂದ ಮಾಡಿದ್ದು ಕೆಡುವುದೆಂತು ಎನ್ನುವವರಿಗೆ ಎರಡನೆಯ ಕತೆಯನ್ನು ಹೇಳುತ್ತೇನೆ. ಏಲ್ಮರನಿಗೂ ಪ್ರೀತಿ ಇತ್ತು ಎಂಬುದನ್ನು ಮರೆಯಬೇಡಿರಿ.

ಮುಧೋಳವು ನಾಯಿಗೆ ಪ್ರಸಿದ್ಧವಾಗುವುದಕ್ಕೆ ಬಹಳ ಮೊದಲೇ ಕವಿಗೆ ಪ್ರಸಿದ್ಧವಾಗಿತ್ತು. ರತ್ನತ್ರಯರಲ್ಲಿ ಒಬ್ಬನಾದ ರನ್ನನು ಹುಟ್ಟಿದ್ದು 949ರಲ್ಲಿ, ಅಂದಿನ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನನು ಭೀಮನ ಗದೆಗೆ ತೊಡೆ ಮುರಿದು ಬೀಳುತ್ತಾನೆ. ಅಂತಹ ವೀರನಿಗೆ ತೊಡೆಯೇ ಏಕೆ ಮೃತ್ಯುವಾಯಿತು? ಮಹಾಭಾರತದಲ್ಲಿ ಭೀಮನ ಪ್ರತಿಜ್ಞೆಯ ಮಾತು ಬರುತ್ತದೆ. ಆದರೆ ಜನರು ಅಷ್ಟಕ್ಕೆ ತೃಪ್ತರಾಗದೆ ತಮ್ಮದೊಂದು ಕತೆಯನ್ನು ಕಟ್ಟಿಕೊಂಡರು. ಬಯಲಾಟ ನೋಡಿದ ಊರುಗಳಲ್ಲಿ ಇದನ್ನು ಅರಿಯದವರಿಲ್ಲ.

ಗಾಂಧಾರಿ ಕುರುಡನಾದ ಗಂಡನಿಗಾಗಿ ಜೀವನವಿಡೀ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು. ಅಷ್ಟು ವರ್ಷ ಬಳಸದ ಆ ನೋಟದಲ್ಲಿ ತಪಸ್ಸಿನ ಶಕ್ತಿ ಕೂಡಿತ್ತು. ಮಕ್ಕಳೆಲ್ಲ ಸತ್ತು ಒಬ್ಬನೇ ಉಳಿದಾಗ ಅವಳು ಮಗನಿಗೆ, ಸ್ನಾನ ಮಾಡಿ ಹುಟ್ಟಿದಾಗಿನಂತೆ ಬರಿಮೈಯಲ್ಲಿ ನನ್ನ ಮುಂದೆ ನಿಲ್ಲು, ಒಮ್ಮೆ ನಿನ್ನನ್ನು ಕಣ್ತೆರೆದು ನೋಡುತ್ತೇನೆ, ನಿನ್ನ ಮೈ ವಜ್ರವಾಗುತ್ತದೆ, ಎಂದಳು. ದುರ್ಯೋಧನನು ಬರುವ ದಾರಿಯಲ್ಲಿ ಕೃಷ್ಣ ಸಿಕ್ಕನು. ಬೆಳೆದ ಮಗ ತಾಯಿಯ ಮುಂದೆ ಹೀಗೆ ಹೋಗುವುದೆ ಎಂದು ನಕ್ಕನು. ನಾಚಿದ ದುರ್ಯೋಧನನು ಬಾಳೆಯ ಎಲೆಯನ್ನು ಸೊಂಟಕ್ಕೆ ಸುತ್ತಿಕೊಂಡು ಹೋದನು. ತಾಯಿ ಕಣ್ಣು ತೆರೆದಳು. ನೋಟ ಬಿದ್ದ ಕಡೆಯೆಲ್ಲ ಮೈ ವಜ್ರವಾಯಿತು. ಎಲೆ ಮರೆಮಾಡಿದ ತೊಡೆ ಮಾತ್ರ ಬರಿಯ ಮಾಂಸವಾಗಿಯೇ ಉಳಿಯಿತು.

ಪುರಾಣದ ಪುಸ್ತಕದಲ್ಲಿ ಇದನ್ನು ಹುಡುಕುವ ಗೋಜು ಬೇಡ. ಜನ ಇದನ್ನು ಏಕೆ ಕಟ್ಟಿದರೆಂಬುದನ್ನು ನೋಡೋಣ. ತಾಯಿಯ ಪ್ರೀತಿಗಿಂತ ದೊಡ್ಡ ಪ್ರೀತಿಯಿಲ್ಲ. ಅದೂ ಮಗನನ್ನು ಸಾವು ಮುಟ್ಟದಂತೆ ಪೂರ್ಣಗೊಳಿಸಲಾರದೆ ಹೋಯಿತು. ಮತ್ತು ಉಳಿದ ಆ ಒಂದು ಮೆತ್ತಗಿನ ಜಾಗ ಯಾವುದು? ನಾಚಿಕೆಯ ಜಾಗ. ದುರ್ಯೋಧನನಲ್ಲಿ ಮನುಷ್ಯನಾಗಿ ಉಳಿದದ್ದು ಅದೊಂದೇ ಎಂದು ಹೇಳಿದರೂ ನಡೆದೀತು. ಪೂರ್ತಿ ವಜ್ರವಾಗಿದ್ದರೆ ಅವನು ಗೆಲ್ಲುತ್ತಿದ್ದನೇನೋ. ಆದರೆ ಊರುಭಂಗದ ಪ್ರಸಂಗದಲ್ಲಿ ಅವನಿಗಾಗಿ ನಮ್ಮ ಕಣ್ಣು ಒದ್ದೆಯಾಗುತ್ತಿರಲಿಲ್ಲ.

ಇನ್ನು ಮೂರನೆಯ ಕತೆ. ಕನ್ನಡದಲ್ಲಿ ದೊರೆತ ಹಳೆಯ ಗದ್ಯಗ್ರಂಥಗಳಲ್ಲಿ 'ವಡ್ಡಾರಾಧನೆ' ಬಹು ಮುಖ್ಯವಾದುದು. ಅದರಲ್ಲಿ 19 ಕತೆಗಳಿವೆ. ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಇದನ್ನು ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ 1949ರಲ್ಲಿ ಹೊರತಂದರು. ಸನತ್ಕುಮಾರ ಚಕ್ರವರ್ತಿಯ ಕತೆ ಅಲ್ಲಿದೆ. ಜೈನ ಪರಂಪರೆಯಲ್ಲಿ ಈ ಕತೆಗೆ ಹಲವು ಪಾಠಗಳಿವೆ. ಅವುಗಳ ತಿರುಳನ್ನಷ್ಟೇ ಹೇಳುತ್ತೇನೆ.

ಸನತ್ಕುಮಾರನಷ್ಟು ಚೆಲುವನು ಮೂರು ಲೋಕದಲ್ಲಿಯೂ ಇಲ್ಲವೆಂದು ದೇವಲೋಕದ ಸಭೆಯಲ್ಲಿ ಹೊಗಳಿಕೆಯಾಯಿತು. ಅದನ್ನು ಪರೀಕ್ಷಿಸಲು ಇಬ್ಬರು ದೇವತೆಗಳು ಮಾನವ ವೇಷದಿಂದ ಬಂದರು. ಆಗ ಚಕ್ರವರ್ತಿ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಅಣಿಯಾಗುತ್ತಿದ್ದನು. ದೇವತೆಗಳು ನೋಡಿ ಬೆರಗಾದರು. ಸನತ್ಕುಮಾರನಿಗೆ ಗರ್ವ ಬಂದಿತು. ಈಗೇನು ನೋಡಿದಿರಿ, ಸಿಂಗಾರ ಮಾಡಿಕೊಂಡು ಸಭೆಗೆ ಬಂದಾಗ ನೋಡಿರಿ, ಎಂದನು. ಸಭೆಯಲ್ಲಿ ಅವನು ಒಡವೆ ತೊಟ್ಟು ಕುಳಿತಾಗ ಅವರು ನೋಡಿ ತಲೆ ಅಲ್ಲಾಡಿಸಿದರು. ಆಗಿನ ಚೆಲುವು ಈಗ ಇಲ್ಲ, ಇಷ್ಟರಲ್ಲಿಯೇ ಕುಂದಿತು, ಎಂದರು. ಸಭೆಯವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಆಗ ಅವರು ನೀರು ತುಂಬಿದ ಕೊಡವೊಂದನ್ನು ತರಿಸಿ ಎಲ್ಲರಿಗೂ ತೋರಿಸಿ, ಸಭೆಯವರು ಕಾಣದಂತೆ ಒಂದು ಹನಿಯನ್ನು ತೆಗೆದು, ಮತ್ತೆ ತೋರಿಸಿದರು. ಕೊಡ ಮೊದಲಿನಂತೆಯೇ ಇದೆ ಎಂದರು ಎಲ್ಲರೂ. ಒಂದು ಹನಿ ಹೋದದ್ದು ಯಾರಿಗೂ ತಿಳಿಯಲಿಲ್ಲ. ಆದರೆ ಹೋದದ್ದು ನಿಜ. ನಿನ್ನ ಚೆಲುವೂ ಹೀಗೆಯೇ ಹೋಗುತ್ತಿದೆ, ಎಂದರು.

ಸನತ್ಕುಮಾರನು ಏಲ್ಮರನಂತೆ ಆ ಹನಿಯನ್ನು ಮರಳಿ ತರುವ ಔಷಧವನ್ನು ಹುಡುಕಲಿಲ್ಲ. ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೋದನು. ಅಷ್ಟು ಚೆಲುವಾಗಿದ್ದ ಮೈಗೆ ತುರಿಕೆ, ಜ್ವರ, ಕೆಮ್ಮು ಮೊದಲಾದ ಬೇನೆಗಳು ಹತ್ತಿದವು. ದೇವತೆ ವೈದ್ಯನ ವೇಷದಿಂದ ಬಂದು ವಾಸಿಮಾಡುತ್ತೇನೆಂದಾಗ ಅವನು ಕೇಳಿದ್ದು ಒಂದೇ: ಮೈಯ ಬೇನೆಯನ್ನೋ, ಹುಟ್ಟುಸಾವೆಂಬ ಬೇನೆಯನ್ನೋ? ಎರಡನೆಯದಕ್ಕೆ ವೈದ್ಯನಲ್ಲಿ ಮದ್ದಿರಲಿಲ್ಲ.

ನಾವು ಸಂಸಾರಿಗಳು. ಸನತ್ಕುಮಾರನಂತೆ ಮದ್ದನ್ನು ಬೇಡವೆನ್ನಲು ನಮ್ಮಿಂದಾಗದು. ಹಾಗೆ ಮಾಡಿರೆಂದು ಯಾರಿಗೂ ನಾನು ಹೇಳಲಾರೆ. ಆದರೆ ಈ ಮೂವರಲ್ಲಿ ಕುಂದನ್ನು ಕಂಡೊಡನೆ ತನ್ನ ಕಡೆಗೇ ತಿರುಗಿ ನೋಡಿಕೊಂಡವನು ಅವನೊಬ್ಬನೇ. ಏಲ್ಮರನು ಹೆಂಡತಿಯನ್ನು ತಿದ್ದಹೋದನು. ಗಾಂಧಾರಿ ಮಗನನ್ನು ತಿದ್ದಹೋದಳು. ಸನತ್ಕುಮಾರನು ತನ್ನನ್ನು ತಿದ್ದಿಕೊಂಡನು. ಪೂರ್ಣತೆಯ ಬಯಕೆ ಮೂವರಿಗೂ ಇತ್ತು. ಬೆಲೆ ಕೊಟ್ಟವರು ಬೇರೆ ಬೇರೆ.

ತನ್ನ ಕೈಯನ್ನು ತಾನೇ ತಿದ್ದಿಕೊಳ್ಳುವುದು ಎಂದರೇನೆಂದು ನೋಡಲು ತಪೋವನಕ್ಕೆ ಹೋಗಬೇಕಾಗಿಲ್ಲ, ರಬಕವಿ-ಬನಹಟ್ಟಿಗೆ ಹೋದರೆ ಸಾಕು. ಅಲ್ಲಿ ಕೈಮಗ್ಗಗಳು ಕಡಿಮೆಯಾಗಿ ವಿದ್ಯುತ್ ಮಗ್ಗಗಳ ಸದ್ದೇ ಹೆಚ್ಚಾಗಿದೆ. ಆದರೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ಹಳೆಯ ನೇಕಾರನನ್ನು ಕಂಡವರು ಅವನ ಕೆಲಸವನ್ನು ಮರೆಯಲಾರರು. ಹತ್ತಿಯ ನೂಲು ಹೊಲದಿಂದ ಬಂದದ್ದು. ಒಂದು ಎಳೆಯಂತೆ ಇನ್ನೊಂದಿರುವುದಿಲ್ಲ. ಬೇಸಿಗೆಯ ಒಣಗಾಳಿ ಬೀಸಿದರೆ ಹಾಸಿನ ಎಳೆಗಳು ಪಟಪಟನೆ ಹರಿಯುತ್ತವೆ. ನೇಕಾರನು ನೂಲನ್ನು ಬೈಯುವುದಿಲ್ಲ. ಗಂಜಿ ಕೊಡುತ್ತಾನೆ, ತೇವ ಇಡುತ್ತಾನೆ, ಕೈಯ ಬಿಗುವನ್ನು ಸಡಿಲಿಸುತ್ತಾನೆ. ಎಳೆ ಹರಿದರೆ ಲಾಳಿ ನಿಲ್ಲಿಸಿ, ತುದಿಗಳನ್ನು ಹುಡುಕಿ, ಗಂಟು ಹಾಕಿ ಮುಂದೆ ಸಾಗುತ್ತಾನೆ. ನಾಳೆಯ ಸೀರೆ ಇಂದಿನದಕ್ಕಿಂತ ಚೆನ್ನಾಗಿರಲೆಂಬ ಹಟ ಅವನಿಗೆ ಉಂಟು. ಅದರ ಬೆಲೆಯನ್ನು ಅವನು ತನ್ನ ಕಣ್ಣು, ತನ್ನ ಬೆನ್ನುಗಳಿಂದ ಕೊಡುತ್ತಾನೆ. ಸೀರೆಯ ಒಳಮೈಯನ್ನು ತಿರುವಿ ನೋಡಿದರೆ ಆ ಗಂಟುಗಳು ಬೆರಳಿಗೆ ತಾಕುತ್ತವೆ. ಗಂಟು ಹಾಕದೆ ಬಿಟ್ಟಿದ್ದರೆ ಅಲ್ಲಿ ಕಿಂಡಿ ಇರುತ್ತಿತ್ತು.

ಕಳೆದ ಸಲ ಚಿಕ್ಕವ್ವನ ಮನೆಗೆ ಹೋದಾಗ ಅವಳ ಮೊಮ್ಮಗಳಿಗೆ ಐದು ತಿಂಗಳು. ಸ್ನಾನ ಮುಗಿದಿತ್ತು. ಚಿಕ್ಕವ್ವ ಕಾಡಿಗೆಯಲ್ಲಿ ಬೆರಳು ಅದ್ದಿ ಕೂಸಿನ ಬಲಗೆನ್ನೆಗೆ ಬೊಟ್ಟು ಇಟ್ಟಳು. ಬಾಗಿದ ಅವಳ ಮುಖದ ಮೇಲೆ, ಅದೇ ಜಾಗದಲ್ಲಿ, ಬೆಳ್ಳನೆಯ ಕಲೆ ಕಾಣುತ್ತಿತ್ತು. "ಚಿಕ್ಕವ್ವಾ, ದೃಷ್ಟಿ ತಾಕತೈತಿ ಅಂತ ನೀನೂ ನಂಬತಿ?" ಎಂದು ಕೇಳಿದೆ.

"ದೃಷ್ಟಿ ಗಿಷ್ಟಿ ನನಗೇನ ಗೊತ್ತಪಾ," ಎಂದಳು ಅವಳು. "ಬೊಟ್ಟ ಇಟ್ಟ ಕೂಸನ್ನೂ ಮಂದಿ ಎತ್ತಿಗೊಂಡು ಮುದ್ದಾಡತಾರ. ಬೊಟ್ಟ ಐತಿ ಅಂತ ಯಾರೂ ಕೆಳಗ ಇಳಸೂದಿಲ್ಲ. ಇದಕ್ಕ ಅದು ಈಗಿಂದಾನ ಗೊತ್ತಿರಲಿ."